ಮಲೆನಾಡಿನ ಜೀಪು ಮರಳುಗಾಡಿಗೆ ಹೊರಟರೆ: ಯಾವುದು ಇರಲಿ, ಯಾವುದು ಬಿಚ್ಚಿಡೋದು

ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು, ಯಾವ ಕಡೆ ಹೋದರೂ ಮಳೆಗಾಲಕ್ಕೆ ಕಟ್ಟಿದ ಗಾಡಿಗಳಿಗೆ ಬರವಿಲ್ಲ. ದಪ್ಪ ಗುಬ್ಬಿಯ ಟೈರು, ಮುಂದೆ ವಿಂಚು (ಸಿಕ್ಕಿಕೊಂಡ ಗಾಡಿ ಎಳೆಯೋ ತಂತಿ ಸುತ್ತಿದ ಮೋಟಾರು), ಪಕ್ಕದಲ್ಲಿ ಸ್ನಾರ್ಕಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯೋ ಕೊಳವೆ), ಮೇಲೆ ಕಬ್ಬಿಣದ ಕ್ಯಾರಿಯರ್. ಅಂಥ ಗಾಡಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ರಾಜಸ್ಥಾನದ ಮರಳುಗಾಡಿನ ಜೈಸಲ್ಮೇರ್ ನೆನಪಾಗುತ್ತದೆ. "ಗಾಡಿ ಹೇಗೂ ರೆಡಿ ಇದೆ, ಇನ್ನೇನು ಬೇಕು?" ಅನ್ನುತ್ತಾರೆ.

ಕೆಸರಿಗೆ ರೆಡಿಯಾದ ಗಾಡಿ ಮರಳಿಗೆ ರೆಡಿ ಅಲ್ಲ. ಅರ್ಧ ವಿಷಯದಲ್ಲಿ ಪೂರ್ತಿ ಉಲ್ಟಾ. ಕೆಸರಿನಲ್ಲಿ ಟೈರು ಮೇಲಿನ ಲೊಳೆಯನ್ನು ಕಿತ್ತೆಸೆದು ಕೆಳಗಿನ ಗಟ್ಟಿ ನೆಲ ಹಿಡಿಯಬೇಕು. ಮರಳಿನಲ್ಲಿ ಕೆಳಗೆ ಗಟ್ಟಿ ನೆಲ ಅನ್ನೋದೇ ಇಲ್ಲ. ಕಿತ್ತಷ್ಟೂ ಗಾಡಿ ಇಳಿಯುತ್ತದೆ. ಕಣದಲ್ಲಿ ಹರವಿದ ಮೆಣಸಿನ ಕಾಳಿನ ಮೇಲೆ ನಡೆದವರಿಗೆ ಇದು ಗೊತ್ತು: ಹಿಮ್ಮಡಿ ಒತ್ತಿದರೆ ಕಾಲು ಹೂತುಹೋಗುತ್ತದೆ, ಪಾದ ಪೂರ್ತಿ ಊರಿದರೆ ದಾಟಬಹುದು. ಹಾಗಾಗಿ ಹೊಸದಾಗಿ ಏನು ಕೊಳ್ಳೋದು ಅಂತ ಕೇಳೋ ಮೊದಲು ಇರೋದರಲ್ಲಿ ಏನು ಬೇಡ ಅಂತ ನೋಡೋಣ.

ಗಾಳಿ ಮೊದಲು, ಟೈರು ಆಮೇಲೆ

ಮರಳಿನ ಮೇಲೆ ಗಾಡಿ ಓಡಿಸೋ ವಿದ್ಯೆಯಲ್ಲಿ ಮುಕ್ಕಾಲು ಪಾಲು ಟೈರಿನ ಗಾಳಿ ಇಳಿಸೋದರಲ್ಲೇ ಇದೆ. ಇದು ಹೊಸ ಸಂಗತಿಯೂ ಅಲ್ಲ. 1920ರ ದಶಕದ ಕೊನೆಯಲ್ಲಿ ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಫೋರ್ಡ್ ಕಾರುಗಳಲ್ಲಿ ಈಜಿಪ್ಟ್, ಲಿಬಿಯಾದ ಮರಳುಗಾಡು ಸುತ್ತಿದ. ಅವುಗಳಿಗೆ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ, ಇರಲಿಲ್ಲ. ಅವನು ನೆಚ್ಚಿಕೊಂಡಿದ್ದು ಮೂರು ಉಪಾಯ: ಟೈರಿನ ಗಾಳಿ ಇಳಿಸೋದು, ಸಿಕ್ಕಿಕೊಂಡಾಗ ಚಕ್ರದ ಕೆಳಗೆ ಉಕ್ಕಿನ ಪಟ್ಟಿ ಹಾಕೋದು, ರೇಡಿಯೇಟರಿನಿಂದ ಹೊರಬರೋ ಆವಿಯನ್ನು ಡಬ್ಬಿಯಲ್ಲಿ ಹಿಡಿದು ಮತ್ತೆ ನೀರು ಮಾಡೋದು. ಸುಮಾರು ನೂರು ವರ್ಷ ಆಗುತ್ತಾ ಬಂತು. ಮೊದಲ ಎರಡು ಉಪಾಯ ಇವತ್ತಿಗೂ ಹಾಗೇ ನಡೆಯುತ್ತಿವೆ.

ರಸ್ತೆಯಲ್ಲಿ ನಾವು 30ರಿಂದ 35 ಪಿಎಸ್‌ಐ ಇಟ್ಟುಕೊಳ್ಳುತ್ತೇವೆ. ಮರಳಿಗೆ ಇಳಿಯೋ ಮುಂಚೆ 18ಕ್ಕೆ ತನ್ನಿ. ಗಾಡಿ ಎಳೆಯುತ್ತಿಲ್ಲ ಅನ್ನಿಸಿದರೆ 15. ತೀರಾ ಮೆತ್ತಗಿನ ಕಡೆ 12. ಅದಕ್ಕಿಂತ ಕೆಳಗೆ ಹೋದರೆ, ತಿರುಗಿಸುವಾಗ ಟೈರು ರಿಮ್ಮಿನಿಂದ ಕಳಚಿಕೊಳ್ಳೋ ಅಪಾಯ ಇದೆ. ಗಾಳಿ ಇಳಿಸಿದಾಗ ಟೈರು ಅಗಲಕ್ಕಿಂತ ಉದ್ದಕ್ಕೆ ಜಾಸ್ತಿ ಹರಡಿಕೊಳ್ಳುತ್ತದೆ. ನೆಲ ಮುಟ್ಟೋ ಭಾಗ ಉದ್ದವಾದಷ್ಟೂ ಗಾಡಿ ತೇಲುತ್ತದೆ. ಅದಕ್ಕೇ ಅಗಲದ ಟೈರಿಗೆ ಸುಮ್ನೆ ದುಡ್ಡು ಸುರಿಯೋದರಲ್ಲಿ ಅರ್ಥ ಇಲ್ಲ.

ಗಾಳಿ ಇಳಿಸಿದ ಮೇಲೆ ವೇಗ 30, 40 ಕಿ.ಮೀ. ಒಳಗಿರಲಿ. ಗಕ್ಕನೆ ಸ್ಟಿಯರಿಂಗ್ ಎಳೆಯಬೇಡಿ. ಇನ್ನೊಂದು ಸಂಗತಿ ನಮ್ಮೂರಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಚಳಿಗಾಲದ ಜೈಸಲ್ಮೇರ್‌ನಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ 15 ಡಿಗ್ರಿಯಷ್ಟು ವ್ಯತ್ಯಾಸ ಬರುತ್ತದೆ. ಇಳಿಸಿದ ಗಾಳಿಯಲ್ಲಿ ಪ್ರತಿ 10 ಡಿಗ್ರಿಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಟೈರು ಬಳುಕಿ ಬಳುಕಿ ಬಿಸಿಯಾಗೋದು ಬೇರೆ. ಬೆಳಗ್ಗೆ 15 ಇಟ್ಟುಕೊಂಡು ಹೊರಟವರು ಮಧ್ಯಾಹ್ನ 18ರ ಹತ್ತಿರ ಇರುತ್ತಾರೆ. ಬೆಳಗ್ಗೆ ಸಲೀಸಾಗಿ ಹತ್ತಿದ ದಿಬ್ಬ ಊಟದ ಹೊತ್ತಿಗೆ ಯಾಕೆ ಹತ್ತೋದಿಲ್ಲ ಅಂತ ತಲೆ ಕೆರೆದುಕೊಳ್ಳೋದು ಇದಕ್ಕೇ. ಹೊತ್ತೇರಿದ ಮೇಲೆ ಮರಳಿನ ತೇವ ಆರಿ ಅದೂ ಸಡಿಲ ಆಗಿರುತ್ತದೆ, ಎರಡೂ ಸೇರಿಕೊಳ್ಳುತ್ತವೆ. ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ಪ್ರೆಷರ್ ಗೇಜ್. ಪೆಟ್ರೋಲ್ ಬಂಕಿನ ಮೀಟರನ್ನು ನಂಬಿ ಹೋಗಬೇಡಿ.

ಎಂಟಿ, ಎಟಿ, ಇಲ್ಲಾ ಕಂಪನಿ ಟೈರು?

ನಮ್ಮ ತೋಟದ ರಸ್ತೆಗೆ ಜೂನ್, ಜುಲೈ ತಿಂಗಳಲ್ಲಿ ಮಡ್ ಟೆರೇನ್, ಅಂದರೆ ಎಂಟಿ ಟೈರು ಬಿಟ್ಟರೆ ಗತಿಯಿಲ್ಲ, ಒಪ್ಪಿದೆ. ಆದರೆ ಮರಳಿನಲ್ಲಿ ಅದೇ ಎಂಟಿ ಟೈರು ಗುದ್ದಲಿಯ ಕೆಲಸ ಮಾಡುತ್ತದೆ. ಆಕ್ಸಿಲರೇಟರ್ ಸ್ವಲ್ಪ ಜಾಸ್ತಿಯಾದರೂ ಸಾಕು, ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಗೋಡೆ ಗಡುಸಾದ್ದರಿಂದ ಗಾಳಿ ಇಳಿಸಿದರೂ ಬೇಗ ಹರಡಿಕೊಳ್ಳೋದಿಲ್ಲ. ಎಟಿ, ಅಂದರೆ ಎಲ್ಲಾ ನೆಲಕ್ಕೂ ಆಗೋ ಆಲ್ ಟೆರೇನ್ ಟೈರು, 15ಕ್ಕೆ ಮಾಡೋ ಕೆಲಸವನ್ನು ಎಂಟಿಯಿಂದ ಮಾಡಿಸಲು ಇನ್ನೂ ಕೆಳಗೆ ಇಳಿಸಬೇಕಾಗುತ್ತದೆ.

ಬರೀ ಮರಳು ಅಂತ ನೋಡಿದರೆ ಹೈವೇ ಟೈರು, ಅಂದರೆ ಎಚ್‌ಟಿ, ಚೆನ್ನಾಗಿಯೇ ಓಡುತ್ತದೆ. ಹೆಚ್ಚು ಕೆರೆಯದ ನಯವಾದ ಟೈರಿನಿಂದ ಅಲ್ಲಿ ಲಾಭವೇ. ಸಮಸ್ಯೆ ಇರೋದು ಅದರ ತೆಳು ಗೋಡೆಯಲ್ಲಿ. ಥಾರ್ ಮರುಭೂಮಿ ಅಂದರೆ ಬರೀ ಮರಳಲ್ಲ. ದಿಬ್ಬಗಳ ನಡುವೆ ಕಲ್ಲು ನೆಲ ಇದೆ, ಮುಳ್ಳಿನ ಪೊದೆ ಇವೆ. ಅರಸೀಕೆರೆ, ಕಡೂರು ಕಡೆ ಕೆರೆ ಅಂಗಳ ತುಂಬಿಕೊಂಡಿರೋ ಬಳ್ಳಾರಿ ಜಾಲಿಯೇ ಅಲ್ಲೂ ಎಲ್ಲೆಡೆ ಹಬ್ಬಿದೆ. ಗಾಳಿ ಇಳಿದ ಟೈರಿನ ಗೋಡೆ ಉಬ್ಬಿಕೊಂಡಿರುತ್ತದೆ, ಮುಳ್ಳಿಗೆ ಸುಲಭವಾಗಿ ಸಿಗುತ್ತದೆ.

ನನ್ನನ್ನು ಕೇಳಿದರೆ ಎಟಿ. ಚಿಕ್ಕಮಗಳೂರಿನಿಂದ ಜೈಸಲ್ಮೇರ್‌ಗೆ ಒಂದು ಕಡೆಗೇ ಸುಮಾರು 2,000 ಕಿ.ಮೀ. ಆಗುತ್ತದೆ. ಎಂಟಿ ಟೈರಿನ ಗುಂಯ್ ಸದ್ದು ಕೇಳುತ್ತಾ ಹುಬ್ಬಳ್ಳಿ, ಪುಣೆ, ಅಹಮದಾಬಾದ್ ದಾಟೋದು ಶಿಕ್ಷೆಯೇ. ಮೈಲೇಜೂ ಹೋಗುತ್ತದೆ, ಒದ್ದೆ ಡಾಂಬರಿನಲ್ಲಿ ಬ್ರೇಕೂ ಅಷ್ಟಕ್ಕಷ್ಟೆ. ಆದರೆ ಎಂಟಿ ಈಗಾಗಲೇ ಇದೆ, ಇನ್ನೂ ಅರ್ಧ ಆಯಸ್ಸು ಉಳಿದಿದೆ ಅಂದರೆ ಈ ಒಂದು ಪ್ರವಾಸಕ್ಕಾಗಿ ಹೊಸ ಸೆಟ್ ಕೊಳ್ಳಬೇಡಿ. ಗಾಳಿ ಇನ್ನೆರಡು ಪಿಎಸ್‌ಐ ಇಳಿಸಿ, ಕಾಲು ಹಗುರ ಮಾಡಿ, ಹೋಗಿ ಬನ್ನಿ.

ರಿಮ್ಮಿನ ವಿಷಯ ಮಾತ್ರ ಮರೆಯಬೇಡಿ. ನೋಡೋಕೆ ಚೆಂದ ಅಂತ ದೊಡ್ಡ ಅಲಾಯ್ ಹಾಕಿಸಿದ್ದರೆ ಟೈರಿನ ಗೋಡೆ ಗಿಡ್ಡ ಆಗಿರುತ್ತದೆ. ಗಿಡ್ಡ ಗೋಡೆಯಲ್ಲಿ ಇಳಿಸಲು ಗಾಳಿಯೇ ಇರೋದಿಲ್ಲ. ಮಾರುತಿ ಜಿಮ್ನಿಯ 15 ಇಂಚಿನ ರಿಮ್, ಎತ್ತರದ ಟೈರು ಶೋರೂಮಿನಲ್ಲಿ ಬಡಕಲಾಗಿ ಕಂಡರೂ ಮರಳಿಗೆ ಹೇಳಿ ಮಾಡಿಸಿದ ಜೋಡಿ.

ಇಳಿಸಿದ ಗಾಳಿ ಮತ್ತೆ ತುಂಬಬೇಕಲ್ವಾ

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸೋ ಪುಟ್ಟ ಕಂಪ್ರೆಸರ್ ಪಂಕ್ಚರ್‌ಗೆ ಸಾಕು, ಮರಳಿಗೆ ಸಾಲದು. ಆ ಸಾಕೆಟ್ಟಿನ ಫ್ಯೂಸ್ 10 ಅಥವಾ 15 ಆಂಪಿಯರಿನದು. ಅಷ್ಟರಲ್ಲಿ ಓಡೋ ಯಂತ್ರ ಒಂದು ಟೈರನ್ನು 15ರಿಂದ 32ಕ್ಕೆ ಏರಿಸಲು ಹತ್ತು ನಿಮಿಷ ತಿನ್ನುತ್ತದೆ. ಎರಡನೇ ಟೈರಿಗೆ ಬರೋ ಹೊತ್ತಿಗೆ ಮುಟ್ಟೋಕಾಗದಷ್ಟು ಬಿಸಿಯಾಗಿ ನಿಂತುಬಿಡುತ್ತದೆ. ಬ್ಯಾಟರಿಗೇ ನೇರವಾಗಿ ಕ್ಲಿಪ್ ಹಾಕೋ ದೊಡ್ಡ ಕಂಪ್ರೆಸರ್ ತಗೊಳ್ಳಿ. ಒಂದೊಂದು ಟೈರು ಮೂರು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರೋ ಪಿಎಸ್‌ಐ ನೋಡಿ ಮರುಳಾಗಬೇಡಿ, 150 ಪಿಎಸ್‌ಐ ನಮಗೆ ಯಾವ ಕೆಲಸಕ್ಕೂ ಬಾರದು. ನೋಡಬೇಕಾದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ, ಎಷ್ಟು ಹೊತ್ತು ಬಿಡುವಿಲ್ಲದೆ ಓಡುತ್ತದೆ ಅನ್ನೋದು. ಓಡಿಸುವಾಗ ಎಂಜಿನ್ ಚಾಲೂ ಇರಲಿ.

ದುಡ್ಡು ಕಡಿಮೆ ಇದ್ದು ಟೈರು, ಕಂಪ್ರೆಸರ್ ಎರಡರಲ್ಲಿ ಒಂದೇ ಆರಿಸಬೇಕಾದರೆ ಕಂಪ್ರೆಸರ್. ಗಾಳಿ ತುಂಬೋಕೆ ದಾರಿ ಇಲ್ಲದವರು ಇಳಿಸೋಕೂ ಹಿಂದೆಮುಂದೆ ನೋಡುತ್ತಾರೆ, 25ರಲ್ಲೇ ನಿಲ್ಲಿಸುತ್ತಾರೆ, ಹೂತುಕೊಳ್ಳುತ್ತಾರೆ.

ವಿಂಚಾ, ಹಲಗೆಯಾ, ಹಗ್ಗವಾ

ಇಲ್ಲಿ ನಮ್ಮವರ ಜೊತೆ ಜಗಳಕ್ಕೆ ಬೀಳಬೇಕಾಗುತ್ತದೆ. ಬಿಸಿಲೆ ಕಡೆಯೋ ಮೂಡಿಗೆರೆ ಕಡೆಯೋ ಸಿಕ್ಕಿಕೊಂಡರೆ ಹತ್ತು ಮಾರು ದೂರದಲ್ಲಿ ಒಂದು ಸಿಲ್ವರ್ ಓಕ್ ಇದ್ದೇ ಇರುತ್ತದೆ. ಪಟ್ಟಿ ಸುತ್ತಿ, ವಿಂಚ್ ಎಳೆದು, ಮೇಲೆ ಬರಬಹುದು. ದಿಬ್ಬಗಳ ನಡುವೆ ಕೊಕ್ಕೆ ಹಾಕೋಕೆ ಏನಿದೆ? ಅಪರೂಪಕ್ಕೆ ಕಾಣೋ ಮರ ಖೇಜಡಿ. ನಾವು ವಿಜಯದಶಮಿಗೆ ಪೂಜಿಸೋ ಬನ್ನಿ ಮರವೇ ಅದು. ಅಲ್ಲಿಯ ಬಿಷ್ಣೋಯಿ ಜನ 1730ರಲ್ಲಿ ಆ ಮರಗಳಿಗಾಗಿ ಪ್ರಾಣ ಕೊಟ್ಟವರು. ಅದಕ್ಕೆ ವಿಂಚ್ ಕಟ್ಟೋ ಯೋಚನೆಯನ್ನೂ ಮಾಡಬೇಡಿ. ಸ್ಟೆಪ್ನಿ ಹೂತು ಅದಕ್ಕೆ ಎಳೆಯಬಹುದು ಅನ್ನುತ್ತಾರೆ. ಆಗುತ್ತದೆ, ನಿಜ. ಬಿಸಿಲಿನಲ್ಲಿ ಸೊಂಟದ ಆಳದ ಗುಂಡಿ ತೋಡೋ ಉತ್ಸಾಹ ಇದ್ದವರಿಗೆ.

ವಿಂಚ್, ಅದರ ಪ್ಲೇಟು, ಬಂಪರ್ ಸೇರಿದರೆ ಗಾಡಿಯ ಮೂತಿಗೆ ಐವತ್ತು ಕೆ.ಜಿ. ಮೀರಿ ಭಾರ ಬೀಳುತ್ತದೆ. ಮರಳಿನಲ್ಲಿ ಮೂತಿ ಭಾರ ಇದ್ದರೆ ಮುಂದಿನ ಚಕ್ರ ಉಳುತ್ತಾ ಹೋಗುತ್ತದೆ. ಎರಡು ಮೂರು ಗಾಡಿ ಜೊತೆಗೆ ಹೋಗುವವರಾದರೆ ವಿಂಚನ್ನು ಮನೆಯಲ್ಲೇ ಬಿಚ್ಚಿಡಿ.

ಅದರ ಬದಲು ರಿಕವರಿ ಹಲಗೆ ಒಂದು ಜೊತೆ. ಪ್ಲಾಸ್ಟಿಕ್ಕಿನವು ಹಗುರ, ಹಲ್ಲು ಟೈರನ್ನು ಹಿಡಿಯುತ್ತದೆ. ಅಲ್ಯುಮಿನಿಯಂ ಪಟ್ಟಿ ಗಟ್ಟಿ, ಆದರೆ ಒಮ್ಮೆ ಬಗ್ಗಿದರೆ ನೆಟ್ಟಗಾಗೋದಿಲ್ಲ. ಹಲಗೆಯ ಮೇಲೆ ಚಕ್ರ ಸುತ್ತಿಸಿದರೆ ಪ್ಲಾಸ್ಟಿಕ್ ಹಲ್ಲು ನಿಮಿಷದಲ್ಲಿ ಕರಗಿ ನುಣ್ಣಗಾಗುತ್ತದೆ. ಮೊದಲು ಚಕ್ರದ ಮುಂದಿನ ಮರಳು ತೆಗೆಯಿರಿ, ಹಲಗೆಯನ್ನು ಓರೆಯಾಗಿ ಚಕ್ರದ ಅಡಿಗೆ ತುರುಕಿ, ಆಮೇಲೆ ಮೆಲ್ಲಗೆ ಹತ್ತಿಸಿ. ಸಲಿಕೆಯ ಹಿಡಿ ಉದ್ದ ಇರಲಿ. ಗಾಡಿಯ ಹೊಟ್ಟೆ ಅಡಿಯ ಮರಳು ಎಳೆಯೋಕೆ ಗಿಡ್ಡ ಸಲಿಕೆ ಎಟುಕೋದಿಲ್ಲ.

ಹಗ್ಗದಲ್ಲಿ ಎರಡು ಜಾತಿ. ಕೆಟ್ಟ ಗಾಡಿಯನ್ನು ಎಳೆಯೋ ಮಾಮೂಲಿ ಪಟ್ಟಿ ಹಿಗ್ಗೋದಿಲ್ಲ. ಹೂತ ಗಾಡಿಗೆ ಅದನ್ನು ಹಾಕಿ ಜಗ್ಗಿದರೆ ಎರಡೂ ಗಾಡಿಯ ಚಾಸಿಗೆ ಹೊಡೆತ. ಕೈನೆಟಿಕ್ ಹಗ್ಗ ನೈಲಾನಿನದು, 20ರಿಂದ 30 ಶೇಕಡ ಹಿಗ್ಗಿ, ಸೇರಿದ ಬಲವನ್ನು ಮೆಲ್ಲಗೆ ಬಿಡುತ್ತದೆ. ಮರಳಿಗೆ ಇದೇ ಬೇಕು. ಕೊಕ್ಕೆಯ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಟ್ರೇಲರ್ ಎಳೆಯೋ ಗುಂಡಿಗೆ, ಅಂದರೆ ಟೋ ಬಾಲ್‌ಗೆ, ಯಾವತ್ತೂ ಹಗ್ಗ ಹಾಕಬೇಡಿ. ಅದು ಕಿತ್ತು ಹಾರಿ ಜನ ಸತ್ತಿದ್ದಾರೆ. ಚಾಸಿಗೆ ಬೋಲ್ಟ್ ಹಾಕಿದ ರಿಕವರಿ ಪಾಯಿಂಟ್ ಮುಂದೆ ಒಂದು, ಹಿಂದೆ ಒಂದು ಇರಲಿ. ಹಗ್ಗವನ್ನು ಗಾಡಿಗೆ ಸಿಕ್ಕಿಸೋ ಕೊಂಡಿಯೇ ಶ್ಯಾಕಲ್; ಕಬ್ಬಿಣದ್ದಕ್ಕಿಂತ ಹಗ್ಗದ ಸಾಫ್ಟ್ ಶ್ಯಾಕಲ್ ವಾಸಿ, ಕಿತ್ತುಬಂದರೂ ಗುಂಡಿನ ಹಾಗೆ ಬಡಿಯೋದಿಲ್ಲ. ಎಳೆಯುವಾಗ ಹಗ್ಗದ ಮೇಲೆ ಒಂದು ಕಂಬಳಿ ಹೊದಿಸಿ, ಜನರನ್ನು ದೂರ ನಿಲ್ಲಿಸಿ.

ಉದ್ದ ಕಂಬದ ಹೈಲಿಫ್ಟ್ ಜ್ಯಾಕ್ ನಮ್ಮಲ್ಲಿ ಶೋಕಿಗೆ ನೇತಾಡುತ್ತಿರುತ್ತದೆ. ಮರಳಿನಲ್ಲಿ ಗಾಡಿಯನ್ನು ಎತ್ತೋ ಬದಲು ತಾನೇ ಕೆಳಗೆ ಹೋಗುತ್ತದೆ. ಗಾಡಿಯ ಸಾದಾ ಜ್ಯಾಕ್ ಜೊತೆ ಅಡಿಗಿಡಲು ಒಂದು ದಪ್ಪ ಹಲಗೆ ತುಂಡು ಒಯ್ಯಿರಿ, ಸಾಕು.

ಇಷ್ಟೆಲ್ಲ ಸೇರಿದರೂ ಒಂದು ಒಳ್ಳೆ ವಿಂಚಿನ ಬೆಲೆ ಆಗೋದಿಲ್ಲ.

ಯಾವ ಗಾಡಿಗೆ ಎಷ್ಟು ಕೆಲಸ

ಹಗುರ ಗಾಡಿಗೆ ಮರಳು ಒಲಿಯುತ್ತದೆ. ಮಾರುತಿ ಜಿಪ್ಸಿ ಸುಮಾರು ಒಂದು ಟನ್. ಸೇನೆ, ಗಡಿ ಭದ್ರತಾ ಪಡೆ ರಾಜಸ್ಥಾನದಲ್ಲಿ ವರ್ಷಗಟ್ಟಲೆ ಓಡಿಸಿದ್ದು ಅದನ್ನೇ. ಈಗ ಹೊಸದು ಸಿಗೋದಿಲ್ಲ, ಹಳೆಯದನ್ನು ಓಡಿಸುವವರಿಗೆ ಬೆನ್ನು ಗಟ್ಟಿ ಇರಬೇಕು. 2023ರಲ್ಲಿ ಬಂದ ಜಿಮ್ನಿ ಸುಮಾರು 1,200 ಕೆ.ಜಿ. ತೂಗುತ್ತದೆ, ಲೋ ರೇಂಜ್ (ಮೆಲ್ಲಗೆ ಹೋಗುವಾಗ ಹೆಚ್ಚು ಎಳೆತ ಕೊಡೋ ಗೇರ್) ಇದೆ. ಕೊರತೆ ಅಂದರೆ ಎಂಜಿನ್. 1.5 ಲೀಟರ್ ಪೆಟ್ರೋಲ್, ಟರ್ಬೊ ಇಲ್ಲ, ಕೆಳಗಿನ ಆರ್‌ಪಿಎಂನಲ್ಲಿ ಉಸಿರು ಕಮ್ಮಿ. ದಿಬ್ಬ ಹತ್ತುವಾಗ ರೆವ್ ಇಳಿಯಲು ಬಿಡದೆ ಓಡಿಸೋದು ರೂಢಿ ಆಗಬೇಕು.

2020ರ ಮಹೀಂದ್ರಾ ಥಾರ್ ಟರ್ಬೊ ಪೆಟ್ರೋಲ್ 150 ಅಶ್ವಶಕ್ತಿಯದು, ಮರಳಿನಲ್ಲಿ ಅದು ನಿಜಕ್ಕೂ ಮಜಾ. ಡೀಸೆಲ್ 130. ನಮ್ಮ ಘಟ್ಟಕ್ಕೆ ನಾನು ಡೀಸೆಲ್ ಅನ್ನುತ್ತೇನೆ, ಮರಳಿಗೆ ಪೆಟ್ರೋಲ್ ಆಟೋಮ್ಯಾಟಿಕ್. ದಿಬ್ಬದ ಮಧ್ಯೆ ಕ್ಲಚ್ ಒತ್ತಿ ಗೇರ್ ಬದಲಿಸೋ ಅರೆಕ್ಷಣದಲ್ಲಿ ಮರಳು ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಆಟೋಮ್ಯಾಟಿಕ್‌ಗೆ ಆ ತೊಂದರೆ ಇಲ್ಲ. ಮ್ಯಾನುಯಲ್ ಇರುವವರು ಹತ್ತೋ ಮುಂಚೆಯೇ ಗೇರ್ ಆರಿಸಿಕೊಂಡು ಅದರಲ್ಲೇ ಮುಗಿಸಬೇಕು. ಫೋರ್ಸ್ ಗೂರ್ಖಾಕ್ಕೆ ಮುಂದೆ ಹಿಂದೆ ಎರಡೂ ಕಡೆ ಡಿಫ್ ಲಾಕ್ (ಎಡ, ಬಲ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋ ಸಾಧನ) ಇದೆ, ಬಂಡೆಗೆ ಅದು ರಾಜ. ಮರಳಿನಲ್ಲಿ ಡಿಫ್ ಲಾಕ್ ಕೊನೆಯ ಅಸ್ತ್ರ ಅಷ್ಟೆ, ಭಾರ ಮಾತ್ರ ಯಾವಾಗಲೂ ಜೊತೆಗಿರುತ್ತದೆ. ಫಾರ್ಚುನರ್ 2 ಟನ್ ದಾಟುತ್ತದೆ. ಶಕ್ತಿ ಇದೆ, ಹೂತರೆ ಎಳೆಯೋಕೆ ಅಷ್ಟೇ ದೊಡ್ಡ ಜೊತೆಗಾರ ಬೇಕು.

ತೋಟದ ಹಳೆಯ ಮಹೀಂದ್ರಾ ಎಂಎಂ 540 ಜೀಪು? ಮನಸ್ಸಿಗೆ ಇಷ್ಟ. ಆದರೆ ಅದನ್ನು 2,000 ಕಿ.ಮೀ. ಹೆದ್ದಾರಿಯಲ್ಲಿ ಓಡಿಸಿ ಅಂತ ಹೇಳೋ ಧೈರ್ಯ ನನಗಿಲ್ಲ. ಲೋ ರೇಂಜ್ ಇಲ್ಲದ ಆಲ್ ವೀಲ್ ಡ್ರೈವ್ ಎಸ್‌ಯುವಿ ಇದ್ದವರು ದಿಬ್ಬದ ಅಂಚಿನಲ್ಲಿ ಫೋಟೊ ತೆಗೆದುಕೊಂಡು ವಾಪಸ್ ಬರಲಿ.

ಯಾವ ಗಾಡಿಯಾದರೂ ಮರಳಿಗೆ ಇಳಿಯೋ ಮುಂಚೆ ಗಾಡಿ ಜಾರದಂತೆ ತಡೆಯೋ ಇಎಸ್‌ಪಿ, ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡೋದು ಹೇಗೆ ಅಂತ ಮ್ಯಾನುಯಲ್ ಓದಿಕೊಳ್ಳಿ. ಚಕ್ರ ಸ್ವಲ್ಪ ಜಾರಿದ್ದೇ ತಡ ಅದು ಎಂಜಿನ್ನಿನ ಶಕ್ತಿ ಕತ್ತರಿಸುತ್ತದೆ. ಡಾಂಬರಿನಲ್ಲಿ ಜೀವ ಉಳಿಸೋ ಸಾಧನ, ಮರಳಿನಲ್ಲಿ ಗಾಡಿ ಹೂಳೋ ಸಾಧನ.

ಕೆಂಪು ಮಣ್ಣು ಒಂದು ಕಡೆ, ಧೂಳು ಇನ್ನೊಂದು ಕಡೆ

ನಮ್ಮ ಗಾಡಿಗಳ ರೇಡಿಯೇಟರ್ ಬಿಚ್ಚಿ ನೋಡಿ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಮಳೆಗಾಲದ ಕೆಂಪು ಮಣ್ಣು, ಎಲೆ ಚೂರು ಗಟ್ಟಿಯಾಗಿ ಕೂತಿರುತ್ತದೆ. ತಂಪಿನಲ್ಲಿ ಅದು ಗೊತ್ತೇ ಆಗೋದಿಲ್ಲ. ಮರಳಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ಗಾಡಿ ಓಡೋದು 20 ಕಿ.ಮೀ. ವೇಗದಲ್ಲಿ. ಎದುರು ಗಾಳಿ ಇಲ್ಲ, ಸೂಜಿ ಏರುತ್ತದೆ. ಹಾಗಂತ ದೊಡ್ಡ ರೇಡಿಯೇಟರ್, ಹೆಚ್ಚುವರಿ ಫ್ಯಾನ್ ಬೇಕಿಲ್ಲ. ಇರೋದನ್ನು ಕಳಚಿ ತೊಳೆಸಿ, ಕೂಲೆಂಟ್ ಬದಲಿಸಿ, ಹೋಸ್, ಬೆಲ್ಟ್ ನೋಡಿಸಿ. ಆದರೂ ಬಿಸಿ ಏರಿದರೆ ಎಸಿ ಆಫ್ ಮಾಡಿ, ಹೀಟರ್ ಆನ್ ಮಾಡಿ, ಮೂತಿಯನ್ನು ಗಾಳಿಗೆ ಒಡ್ಡಿ ನಿಲ್ಲಿಸಿ.

ಏರ್ ಫಿಲ್ಟರಿನಲ್ಲಿ ಜನ ತಪ್ಪು ಕಡೆ ದುಡ್ಡು ಹಾಕುತ್ತಾರೆ. ಎಣ್ಣೆ ಸವರಿದ ಹತ್ತಿಯ ಪರ್ಫಾರ್ಮೆನ್ಸ್ ಫಿಲ್ಟರ್ ಗಾಳಿಯನ್ನು ಸಲೀಸಾಗಿ ಬಿಡುತ್ತದೆ, ನುಣ್ಣನೆ ಧೂಳನ್ನೂ ಬಿಡುತ್ತದೆ. ಕಂಪನಿಯ ಪೇಪರ್ ಫಿಲ್ಟರೇ ಮೇಲು. ಹೊಸದೊಂದು ಹಾಕಿ, ಇನ್ನೊಂದು ಜೊತೆಗಿಟ್ಟುಕೊಳ್ಳಿ. ಸ್ನಾರ್ಕಲ್ ಇದ್ದರೆ ತೆಗೆಯಬೇಡಿ. ಹೊಳೆ ದಾಟಲು ಹಾಕಿಸಿದ್ದು ಅಲ್ಲಿ ಬೇರೆ ರೀತಿ ಕೆಲಸಕ್ಕೆ ಬರುತ್ತದೆ, ಮುಂದಿನ ಗಾಡಿ ಎಬ್ಬಿಸೋ ಧೂಳಿನಿಂದ ಮೇಲಿನ ಗಾಳಿ ಎಳೆದುಕೊಳ್ಳುತ್ತದೆ. ಇಲ್ಲದಿದ್ದರೆ ಇದಕ್ಕಾಗಿ ಹೊಸದು ಬೇಡ.

ಬಿಎಸ್6 ಡೀಸೆಲ್ ಗಾಡಿಯವರಿಗೆ ಒಂದು ಎಚ್ಚರಿಕೆ. ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಅಂದರೆ ಡಿಪಿಎಫ್, ತನ್ನಲ್ಲಿ ಕೂತ ಮಸಿಯನ್ನು ಸುಟ್ಟು ಶುಚಿ ಮಾಡಿಕೊಳ್ಳುವಾಗ ಸೈಲೆನ್ಸರ್ ಭಯಂಕರ ಬಿಸಿಯಾಗುತ್ತದೆ. ಅಡಿಯಲ್ಲಿ ಒಣ ಹುಲ್ಲು ಸಿಕ್ಕಿಕೊಂಡಿದ್ದರೆ ಬೆಂಕಿ ಹೊತ್ತಬಹುದು. ನಿಂತಾಗಲೆಲ್ಲ ಬಗ್ಗಿ ನೋಡಿ.

ಕ್ಯಾರಿಯರ್ ಮೇಲೆ ಏನೂ ಬೇಡ

ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಟೆಂಟು, ಸ್ಟೆಪ್ನಿ, ಕ್ಯಾನು. ದಿಬ್ಬದ ಇಳಿಜಾರಿನಲ್ಲಿ ಅಡ್ಡ ತಿರುಗಿದರೆ ಉರುಳೋಕೆ ಇಷ್ಟು ಸಾಕು. ನೀರು ತಲೆಗೆ ದಿನಕ್ಕೆ ಐದು ಲೀಟರ್ ಲೆಕ್ಕ ಹಿಡಿದು, ಎಲ್ಲಾ ಭಾರ ಒಳಗೆ ತಗ್ಗಿನಲ್ಲಿ ಕಟ್ಟಿ. ಮರಳಿನಲ್ಲಿ ಮೈಲೇಜ್ ಅರ್ಧಕ್ಕೆ ಬೀಳುತ್ತದೆ, ಊರು ಬಿಡುವಾಗಲೇ ಟ್ಯಾಂಕ್ ಭರ್ತಿ ಮಾಡಿಸಿ. ಪೆಟ್ರೋಲನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಗಾಡಿಯೊಳಗೆ ಒಯ್ಯೋದಂತೂ ಬೇಡವೇ ಬೇಡ.

ಕ್ರ್ಯಾಶ್ ಗಾರ್ಡಿಗೆ 2017ರಿಂದಲೇ ಕೇಂದ್ರದ ನಿಷೇಧ ಇದೆ. ಗಾಡಿಯ ಮೂಲ ಸ್ವರೂಪ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಲ್ಕು ರಾಜ್ಯ ದಾಟೋ ಪ್ರಯಾಣದಲ್ಲಿ ಬಿಚ್ಚಿಡಬಹುದಾದ ಸಾಮಾನೇ ಕ್ಷೇಮ. ಗಾಡಿಗೆ ಕಟ್ಟೋ ಉದ್ದ ಕೋಲಿನ ಕೇಸರಿ ಬಾವುಟ ಮಾತ್ರ ಒಯ್ಯಿರಿ. ದಿಬ್ಬದ ಆಚೆ ಬದಿಯಿಂದ ಹತ್ತಿ ಬರುವವನಿಗೆ ನಿಮ್ಮ ಗಾಡಿಗಿಂತ ಮೊದಲು ಅದು ಕಾಣುತ್ತದೆ. ಸ್ಯಾಟಲೈಟ್ ಫೋನ್ ಯಾರಾದರೂ ಕೊಟ್ಟರೂ ತಗೊಳ್ಳಬೇಡಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳೋದು ಅಪರಾಧ, ಅದೂ ಗಡಿಯ ಹತ್ತಿರ.

ಸ್ವಂತ ಗಾಡಿಯಾ, ಬಾಡಿಗೆಯದ್ದಾ, ಯಾವಾಗ

ಮರಳುಗಾಡಿಗೆ ಒಳ್ಳೆ ಕಾಲ ಅಕ್ಟೋಬರ್‌ನಿಂದ ಫೆಬ್ರುವರಿ. ನಮಗೆ ಅದೇ ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಬೆಳೆಗಾರರು ಜನವರಿ ಕೊನೆಗೆ ಹೊರಡಬಹುದು. ರೋಬಸ್ಟಾದವರಿಗೆ ಆಗ ಕೊಯ್ಲೂ ಇರುತ್ತದೆ, ಹಿಂದೆಯೇ ಸ್ಪ್ರಿಂಕ್ಲರ್ ಕೆಲಸವೂ ಬರುತ್ತದೆ, ಅವರಿಗೆ ಅಕ್ಟೋಬರೇ ಗತಿ. ಏಪ್ರಿಲ್, ಮೇ ಆದರೂ ಪರವಾಗಿಲ್ಲ ಅಂದುಕೊಳ್ಳಬೇಡಿ. ಜೈಸಲ್ಮೇರ್‌ಗೆ ಪೂರ್ವದ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ.

ಎರಡು ಮೂರು ದಿನ ಮಾತ್ರ ಮರಳು ಸಾಕು ಅನ್ನುವವರು ವಿಮಾನವೋ ರೈಲೋ ಹಿಡಿದು ಹೋಗಿ, ಜೈಸಲ್ಮೇರ್ ಹತ್ತಿರದ ಸಮ್ ಅಥವಾ ಖುರಿಯಲ್ಲಿ ಸ್ಥಳೀಯ ಚಾಲಕನ ಗಾಡಿ ಹತ್ತೋದು ಬುದ್ಧಿವಂತಿಕೆ. ಖರ್ಚೂ ಕಡಿಮೆ. ಆದರೆ ಸ್ಟಿಯರಿಂಗ್ ಅವನ ಕೈಯಲ್ಲೇ ಇರುತ್ತದೆ. ನೀವೇ ಓಡಿಸಬೇಕು ಅಂದರೆ ಸ್ವಂತ ಗಾಡಿ, ಕನಿಷ್ಠ ಎರಡು, ಹತ್ತು ಹನ್ನೆರಡು ದಿನದ ಬಿಡುವು. ಒಂಟಿ ಗಾಡಿ ಬೇಡ. ಎಲ್ಲೆಂದರಲ್ಲಿ ಇಳಿಯೋ ಹಾಗೂ ಇಲ್ಲ. ಸಮ್ ಸುತ್ತಮುತ್ತಲ ದೊಡ್ಡ ಪ್ರದೇಶ ಡೆಸರ್ಟ್ ನ್ಯಾಷನಲ್ ಪಾರ್ಕಿಗೆ ಸೇರಿದ್ದು. ಅಳಿವಿನಂಚಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಗಡಿಯ ಕಡೆಯ ಹಳ್ಳಿಗಳಿಗೆ ಜಿಲ್ಲಾಡಳಿತದ ಅನುಮತಿ ಬೇಕಾಗುತ್ತದೆ. ಯಾವ ದಿಬ್ಬಕ್ಕೆ ಹೋಗಬಹುದು ಅಂತ ತಿಳಿದ ಸ್ಥಳೀಯರೊಬ್ಬರನ್ನು ಮೊದಲ ದಿನ ಜೊತೆಗೆ ಕೂರಿಸಿಕೊಳ್ಳಿ. ಗಾಳಿ ಬೀಸೋ ಕಡೆಯ ಇಳಿಜಾರು ಗಟ್ಟಿ, ಆಚೆಯದು ಕಡಿದು, 30 ಡಿಗ್ರಿ ಮೀರಿದ ಸಡಿಲ ಮರಳು. ಎರಡನ್ನೂ ದೂರದಿಂದಲೇ ಗುರುತಿಸೋದನ್ನು ಅವರು ಅರ್ಧ ಗಂಟೆಯಲ್ಲಿ ಕಲಿಸುತ್ತಾರೆ.

ಊರಿಗೆ ಬಂದ ಮೇಲೆ ಗಾಡಿಯನ್ನು ಸುಮ್ನೆ ಮೇಲಿಂದ ತೊಳೆದು ನಿಲ್ಲಿಸಬೇಡಿ. ಬ್ರೇಕ್ ಡ್ರಮ್ ಬಿಚ್ಚಿಸಿ ಮರಳು ತೆಗೆಸಿ, ಏರ್ ಫಿಲ್ಟರ್ ಬದಲಿಸಿ, ವೀಲ್ ಬೇರಿಂಗ್ ನೋಡಿಸಿ. ವಿಂಚನ್ನು ಮತ್ತೆ ಹಾಕೋದು ಜೂನ್ ಒಳಗೆ ಆದರೆ ಸಾಕು.